ಬೆಲ್ಟೋ ಚೈನೋ? ಹಳೆ ಡೀಸೆಲ್ ಕಾರು ಕೊಳ್ಳುವ ಮುನ್ನ

ಕೃಷಿ ಪತ್ರಿಕೆಯಲ್ಲಿ ಕಾರಿನ ಇಂಜಿನ್ ವಿಚಾರ ಯಾಕೆ ಅಂತ ಕೆಲವರು ಕೇಳಬಹುದು. ನಮ್ಮೂರ ಲೆಕ್ಕ ಹೇಳ್ತೀನಿ. ಚಳ್ಳಕೆರೆ ಸೀಮೆಯ ಖುಷ್ಕಿ ಊರು ನಮ್ಮದು, 120 ಮನೆ. ಇಪ್ಪತ್ತು ವರ್ಷದ ಹಿಂದೆ ಊರಲ್ಲಿ ಒಂದೂ ಕಾರಿರಲಿಲ್ಲ. ಈಗ 14 ಇವೆ. 13 ಸೆಕೆಂಡ್ ಹ್ಯಾಂಡು, ಅದರಲ್ಲಿ 11 ಡೀಸೆಲ್. ಬಿತ್ತನೆ ಬೀಜ, ಗೊಬ್ಬರ ತರೋದಕ್ಕೂ ಅದೇ, ಬಾಣಂತೀನ ಕರೆತರೋದಕ್ಕೂ ಅದೇ. ಇವನ್ನು ಕೊಳ್ಳುವಾಗ ನಾವು ನೋಡುವುದು ಬಣ್ಣ, ಟೈರು, ಮೈಲೇಜು ಮತ್ತು ಎಸಿ. ಜಾತ್ರೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ ದುಡ್ಡು ಕೊಡದ ನಾವು, ಇಂಜಿನ್ನಿನ ಹಲ್ಲು ಮಾತ್ರ ಕೇಳೋದಿಲ್ಲ.

ಇಂಜಿನ್ನಿಗೂ ಹಲ್ಲಿದೆ. ಒಳಗೆ ಹಲ್ಲಿನ ಬೆಲ್ಟೊಂದು ಅಥವಾ ಚೈನೊಂದು ಇರುತ್ತದೆ. ಟೈಮಿಂಗ್ ಬೆಲ್ಟು, ಟೈಮಿಂಗ್ ಚೈನು ಅಂತ ಹೆಸರು. ಇದು ಹೋದರೆ ಗಾಡಿ ನಿಲ್ಲುವುದಷ್ಟೇ ಅಲ್ಲ, ಇಂಜಿನ್ನಿನ ಒಳಗೇ ಒಂದಕ್ಕೊಂದು ಹೊಡೆದುಕೊಂಡು ಮುರಿಯುತ್ತವೆ. ಎರಡು ವರ್ಷದ ಹಿಂದೆ ನಮ್ಮ ಪಕ್ಕದ ಹಟ್ಟಿಯವರೊಬ್ಬರ ಕಾರು ಮಾರ್ಕೆಟ್ಟಿಗೆ ಹೋಗುವ ದಾರಿಯಲ್ಲಿ ಟಕ್ ಅಂತ ನಿಂತಿತು. ಹನ್ನೊಂದು ವರ್ಷದ ಗಾಡಿ, ಓಡಿದ್ದು ಬರೀ 58,000 ಕಿಲೋಮೀಟರ್. ಅದೇ ಆಸೆಗೆ ಕೊಂಡಿದ್ದರು. ಟೈಮಿಂಗ್ ಬೆಲ್ಟು ತುಂಡಾಗಿ ವಾಲ್ವುಗಳು ಬಗ್ಗಿದ್ದವು. ಹೆಡ್ ಬಿಚ್ಚಿ ಸರಿ ಮಾಡಿಸಲು 63,000 ರೂಪಾಯಿ ಆಯಿತು. ಮೂರೆಕರೆ ಖುಷ್ಕಿಯಲ್ಲಿ ಬೆಳೆದ ಶೇಂಗಾ ಪೂರಾ ಅದಕ್ಕೇ ಹೋಯಿತು. ಮೊದಲೇ ಬೆಲ್ಟು ಬದಲಿಸಿದ್ದರೆ ಹತ್ತು ಸಾವಿರದ ಒಳಗೆ ಮುಗಿಯುತ್ತಿತ್ತು.

ನಾನು ಏಳನೇ ಕ್ಲಾಸಿನವನು. ಆದರೆ ಮೂವತ್ತು ವರ್ಷ ಆಯಿಲ್ ಇಂಜಿನ್ ಬಿಚ್ಚಿ ಜೋಡಿಸಿದ್ದೇನೆ, ಟ್ರ್ಯಾಕ್ಟರ್ ಇಟ್ಟಿದ್ದೇನೆ. ಅಕ್ಕನ ಮಗ ಹೈವೇ ಪಕ್ಕ ಗ್ಯಾರೇಜ್ ಇಟ್ಟಿದ್ದಾನೆ. ಮಳೆಯಿಲ್ಲದ ವರ್ಷ ಅಲ್ಲಿ ಹೋಗಿ ಕೂತು ನೋಡಿದ್ದು, ಕೇಳಿದ್ದು, ಕೈಯಾಡಿಸಿದ್ದು ಸೇರಿಸಿ ಇದನ್ನು ಬರೆದಿದ್ದೇನೆ.

ಹೊಂದಿಕೆ ಅಂದರೇನು?

ಇಂಜಿನ್ನಿಗೆ ನಾಲ್ಕು ಕೆಲಸ. ಗಾಳಿ ಎಳೆಯೋದು, ಅದನ್ನು ಅದುಮೋದು, ಡೀಸೆಲ್ ಚಿಮುಕಿಸಿ ಉರಿಸೋದು, ಹೊಗೆ ಉಗುಳೋದು. ಈ ನಾಲ್ಕೂ ಮುಗಿಯೋ ಹೊತ್ತಿಗೆ ಪಿಸ್ಟನ್ ಎರಡು ಸಲ ಮೇಲಕ್ಕೆ, ಎರಡು ಸಲ ಕೆಳಕ್ಕೆ ಹೋಗಿರುತ್ತದೆ. ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಸುತ್ತಿರುತ್ತದೆ. ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ವಾಲ್ವುಗಳು ಅಷ್ಟರಲ್ಲಿ ಒಂದೊಂದೇ ಸಲ ತೆರೆಯಬೇಕು. ಅವನ್ನು ಒತ್ತಿ ತೆರೆಸುವುದು ಕ್ಯಾಮ್ ಶಾಫ್ಟು. ಹಾಗಾಗಿ ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಒಂದೇ ಸುತ್ತು ಹಾಕಬೇಕು, ಒಂದು ಕೂದಲೂ ಆಚೀಚೆ ಆಗಬಾರದು. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲಿದ್ದರೆ ಕ್ಯಾಮಿನ ಚಕ್ರಕ್ಕೆ 40 ಹಲ್ಲು. ಟೈಮಿಂಗ್ ಅಂದರೆ ಇಷ್ಟೆ. ಬಿತ್ತನೆಗೆ ಹದ ಇದ್ದ ಹಾಗೆ. ಆದರೆ ಹದದಲ್ಲಿ ಎರಡು ದಿನ ಹೆಚ್ಚುಕಡಿಮೆಯಾದರೂ ಭೂಮಿ ತಡಕೊಳ್ಳುತ್ತದೆ, ಇಲ್ಲಿ ಆ ಸಡಿಲ ಇಲ್ಲ. 20 ಹಲ್ಲಿನ ಚಕ್ರದಲ್ಲಿ ಒಂದು ಹಲ್ಲು ಜಾರಿದರೆ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪಿದ ಹಾಗೆ. ಗಾಡಿ ಎಳೆಯೋದಿಲ್ಲ, ಹೊಗೆ ಕಾರುತ್ತದೆ. ಎರಡು ಮೂರು ಹಲ್ಲು ಜಾರಿದರೆ ಮುಂದಿನದು ಹೇಳಬೇಕಾಗಿಲ್ಲ.

ನಮ್ಮ ಹಳೇ ಆಯಿಲ್ ಇಂಜಿನ್ನುಗಳಲ್ಲಿ ಈ ತಾಪತ್ರಯ ಇರಲಿಲ್ಲ. ಲಿಸ್ಟರ್ ಮಾದರಿಯ ಇಂಜಿನ್ ನೆನಪಿದೆಯಲ್ಲ, ನಿಮಿಷಕ್ಕೆ 650 ಸುತ್ತು, ದೂರದ ಹೊಲಕ್ಕೂ ಡುಗ್ ಡುಗ್ ಕೇಳಿಸುತ್ತಿತ್ತು. ಅದರಲ್ಲಿ ಕ್ಯಾಮು ಕ್ರ್ಯಾಂಕಿನ ಪಕ್ಕದಲ್ಲೇ ಕೆಳಗಡೆ ಇರುತ್ತಿತ್ತು. ಗೇರಿಗೆ ಗೇರು ಕಚ್ಚಿಸಿದರೆ ಮುಗೀತು. ಅಲ್ಲಿಂದ ಉದ್ದ ಕಡ್ಡಿಗಳು ಮೇಲಿನ ವಾಲ್ವನ್ನು ತಳ್ಳುತ್ತಿದ್ದವು. ಟ್ರ್ಯಾಕ್ಟರಿನಲ್ಲಿ ಈಗಲೂ ಬಹುಪಾಲು ಹೀಗೇ. ಆ ಗೇರುಗಳಿಗೆ ಇಂಜಿನ್ನಿನಷ್ಟೇ ಆಯುಸ್ಸು. ಕಾರಿನ ಡೀಸೆಲ್ ಇಂಜಿನ್ ಹಗುರ ಇರಬೇಕು, ಸದ್ದು ಕಡಿಮೆ ಇರಬೇಕು, ನಿಮಿಷಕ್ಕೆ 4,000 ಸುತ್ತಿಗೂ ಹೆಚ್ಚು ತಿರುಗಬೇಕು. ಆ ವೇಗಕ್ಕೆ ಉದ್ದ ಕಡ್ಡಿ ಒಗ್ಗೋದಿಲ್ಲ. ಅದಕ್ಕೆ ಕ್ಯಾಮನ್ನು ಎತ್ತಿ ವಾಲ್ವುಗಳ ನೆತ್ತಿಯ ಮೇಲೇ ಕೂರಿಸಿದರು. ಕ್ರ್ಯಾಂಕು ಕೆಳಗೆ, ಕ್ಯಾಮು ಒಂದೂವರೆ ಅಡಿ ಮೇಲೆ. ಅಷ್ಟು ದೂರಕ್ಕೆ ಗೇರು ಜೋಡಿಸುತ್ತಾ ಹೋದರೆ ತೂಕ, ಸದ್ದು, ಖರ್ಚು. ಉಳಿದ ದಾರಿ ಎರಡೇ. ಸೈಕಲ್ಲಿನ ಹಾಗೆ ಚೈನು, ಇಲ್ಲಾ ಗಿರಣಿಯ ಹಾಗೆ ಬೆಲ್ಟು.

ಎಷ್ಟು ದುಡಿಯುತ್ತದೆ ಅಂತ ಒಂದು ಲೆಕ್ಕ ಹಾಕಿ. ಗಾಡಿ ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಇಂಜಿನ್ ನಿಮಿಷಕ್ಕೆ 2,000 ಸುತ್ತು ಅಂತ ಇಟ್ಟುಕೊಳ್ಳಿ. ಅಂದರೆ ಕಿಲೋಮೀಟರಿಗೆ 2,000 ಸುತ್ತು. ಒಂದು ಲಕ್ಷ ಕಿಲೋಮೀಟರಿಗೆ ಕ್ರ್ಯಾಂಕು 20 ಕೋಟಿ ಸುತ್ತು, ಕ್ಯಾಮು 10 ಕೋಟಿ ಸುತ್ತು. ಅಷ್ಟೂ ಸುತ್ತಿಗೆ ಈ ಒಂದು ಬೆಲ್ಟು ಅಥವಾ ಚೈನು ಒಂದೇ ಒಂದು ಹಲ್ಲು ತಪ್ಪಬಾರದು.

ಬೆಲ್ಟಿನ ಕತೆ

ಗಿರಣಿಯ ಚಪ್ಪಟೆ ಬೆಲ್ಟು ಸ್ವಲ್ಪ ಜಾರುತ್ತದೆ. ಜಾರಿದರೂ ಹಿಟ್ಟೇನೂ ಕೆಡೋದಿಲ್ಲ. ಟೈಮಿಂಗ್ ಬೆಲ್ಟು ಜಾರುವಂತಿಲ್ಲ, ಅದಕ್ಕೇ ಒಳಮೈಗೆ ಹಲ್ಲು. ಈ ಹಲ್ಲಿನ ಬೆಲ್ಟನ್ನು 1940ರ ದಶಕದಲ್ಲಿ ಅಮೆರಿಕದಲ್ಲಿ ಹೊಲಿಗೆ ಯಂತ್ರಕ್ಕೆ ಅಂತ ಮಾಡಿದರು. ಮೇಲಿನ ಸೂಜಿ, ಕೆಳಗಿನ ಬಾಬಿನ್ ಎರಡೂ ಹೊಂದಿಕೊಂಡು ನಡೆಯಬೇಕಲ್ಲ. ಕಾರಿಗೆ ಹಾಕಿ ಮಾರಾಟಕ್ಕೆ ಬಿಟ್ಟವರು ಜರ್ಮನಿಯ ಗ್ಲಾಸ್ ಅನ್ನುವ ಕಂಪನಿಯವರು, 1962ರಲ್ಲಿ, ಗ್ಲಾಸ್ 1004 ಅನ್ನುವ ಕಾರಿನಲ್ಲಿ. ಈ ಕಂಪನಿ ಮೊದಲು ಏನು ಮಾಡ್ತಿತ್ತು ಗೊತ್ತೇ? ರೈತರಿಗೆ ಬಿತ್ತನೆ ಯಂತ್ರ. ನಮ್ಮ ಕೂರಿಗೆಯ ದೊಡ್ಡಣ್ಣ ಅನ್ನಿ. ಬೀಜ ಹದ ತಪ್ಪದೆ ಉದುರಿಸಲು ಗೊತ್ತಿದ್ದವರೇ ಇದನ್ನೂ ಮಾಡಿದ್ದು ನನಗಂತೂ ಖುಷಿ ಕೊಟ್ಟ ಸಂಗತಿ. ಡೀಸೆಲ್ ಕಾರಿಗೆ ಬೆಲ್ಟು ಹೆಸರಾದದ್ದು 1976ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಡೀಸೆಲ್ಲಿನಿಂದ. ಅದರಲ್ಲಿ ಕ್ಯಾಮಿನ ಜೊತೆ ಡೀಸೆಲ್ ಪಂಪನ್ನೂ ಅದೇ ಬೆಲ್ಟು ತಿರುಗಿಸುತ್ತಿತ್ತು.

ನೋಡಲು ರಬ್ಬರಿನಂತಿದ್ದರೂ ಎಳೆತ ತಡೆಯುವುದು ರಬ್ಬರ್ ಅಲ್ಲ. ಒಳಗೆ ಗಾಜಿನ ನಾರಿನ ಹುರಿಗಳು ಉದ್ದಕ್ಕೂ ಓಡಿರುತ್ತವೆ. ಆ ಹುರಿ ಹಿಗ್ಗೋದಿಲ್ಲ, ಆದರೆ ಮಡಿಚಿದರೆ ಸೀಳುತ್ತದೆ. ಹೊಸ ಬೆಲ್ಟನ್ನು ಸುತ್ತಿ ಮಡಿಚಿ ಜೇಬಿಗೆ ಹಾಕಿಕೊಂಡು ಬಂದರೆ ಅದು ಅಲ್ಲೇ ಅರ್ಧ ಸತ್ತ ಹಾಗೆ. ಹಲ್ಲಿನ ಮೇಲೆ ಸವೆಯದಿರಲಿ ಅಂತ ನೈಲಾನ್ ಬಟ್ಟೆಯ ಹೊದಿಕೆ ಇರುತ್ತದೆ.

ಬೆಲ್ಟಿನ ಗುಣ ಹೇಳಬೇಕೆಂದರೆ ಹಗುರ, ಸದ್ದಿಲ್ಲ, ಬೆಲೆ ಕಡಿಮೆ. ಅದಕ್ಕೆ ಎಣ್ಣೆ ಬೇಡ. ಬೇಡ ಅನ್ನೋದಕ್ಕಿಂತ ಎಣ್ಣೆಯೇ ಅದರ ಶತ್ರು. ಕ್ಯಾಮಿನ ಅಥವಾ ಕ್ರ್ಯಾಂಕಿನ ಆಯಿಲ್ ಸೀಲು ಸೋರಿ ಬೆಲ್ಟಿಗೆ ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗಿ ಹಲ್ಲು ಕಿತ್ತು ಬರುತ್ತದೆ. ರೇಡಿಯೇಟರ್ ನೀರು ಸೋರಿದರೂ ಕೆಡುಕೇ. ಗಿರಣಿ ಬೆಲ್ಟಿಗೆ ಹಿಡಿತ ಬರಲಿ ಅಂತ ರಾಳ, ಮೇಣ ಸವರುವ ಅಭ್ಯಾಸ ನಮ್ಮಲ್ಲಿದೆ. ಇದಕ್ಕೆ ಏನನ್ನೂ ಸವರಬೇಡಿ. ಸೀಮೆಎಣ್ಣೆಯಲ್ಲಿ ಒರೆಸಲೂಬೇಡಿ. ಹಟ್ಟಿಯಲ್ಲಿ ನಿಲ್ಲಿಸುವ ಗಾಡಿಗೆ ಇನ್ನೊಂದು ಶತ್ರು ಇದೆ, ಇಲಿ. ಬೆಲ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಒಡೆದಿದ್ದರೆ, ಅಥವಾ ಬಿಚ್ಚಿದ ಮೇಸ್ತ್ರಿ ನಾಲ್ಕು ಬೋಲ್ಟಿನಲ್ಲಿ ಎರಡೇ ಹಾಕಿದ್ದರೆ ಇಲಿಯೂ ನುಗ್ಗುತ್ತದೆ, ನಮ್ಮ ಸೀಮೆಯ ದೂಳು ಮರಳೂ ನುಗ್ಗುತ್ತದೆ. ಮುಚ್ಚಳ ಪೂರಾ ಇರಬೇಕು.

ಬೆಲ್ಟಿಗೆ ಅವಧಿ ಇದೆ. ಇಂಜಿನ್ನಿಗೆ ತಕ್ಕಂತೆ 60,000 ಕಿಲೋಮೀಟರಿನಿಂದ ಒಂದೂವರೆ ಲಕ್ಷದವರೆಗೆ ಬೇರೆ ಬೇರೆ. ನಿಮ್ಮ ಗಾಡಿಯದು ಎಷ್ಟು ಅನ್ನುವುದು ಗಾಡಿ ಜೊತೆ ಬಂದ ಪುಸ್ತಕದಲ್ಲಿ ಇರುತ್ತದೆ. ಆ ಪುಸ್ತಕದಲ್ಲಿ ಕಿಲೋಮೀಟರಿನ ಪಕ್ಕದಲ್ಲೇ ವರ್ಷವನ್ನೂ ಬರೆದಿರುತ್ತಾರೆ, ಯಾವುದು ಮೊದಲು ಬರುತ್ತದೋ ಅದು ಅಂತ. ಪೇಟೆಯ ಟ್ಯಾಕ್ಸಿಯವನಿಗೆ ಕಿಲೋಮೀಟರ್ ಮೊದಲು ಬರುತ್ತದೆ. ನಮಗೆ ವರ್ಷ ಮೊದಲು ಬರುತ್ತದೆ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಅಂತ ವರ್ಷಕ್ಕೆ ಐದಾರು ಸಾವಿರ ಓಡಿಸುವ ನಮ್ಮ ಗಾಡಿಯಲ್ಲಿ ಮೀಟರು ನೋಡುತ್ತಾ ಕೂತರೆ ಬೆಲ್ಟು ಬದಲಿಸುವ ಕಾಲವೇ ಬರೋದಿಲ್ಲ. ನಾನು ಹೀಗಂದಾಗ ಅಳಿಯ ನಕ್ಕ. "ಮಾವ, ರಬ್ಬರಿಗೆ ಓಡಿದ್ರೂ ವಯಸ್ಸಾಗ್ತದೆ, ನಿಂತ್ರೂ ವಯಸ್ಸಾಗ್ತದೆ. ನಿಮ್ಮ ಡ್ರಿಪ್ ಪೈಪಿನ ವಾಷರ್ ನೋಡಿಲ್ವಾ" ಅಂದ. ಹೌದು, ನೀರು ಹರಿಸದೇ ಬಿಟ್ಟರೂ ವಾಷರು ಬಿಸಿಲಿಗೆ ಒಣಗಿ ಬಿರಿಯುತ್ತದೆ. ಪಕ್ಕದ ಹಟ್ಟಿಯವರ ಗಾಡಿಯಲ್ಲಿ ಆದದ್ದೂ ಇದೇ.

ಬೆಲ್ಟಿನ ಇನ್ನೊಂದು ಕೆಟ್ಟ ಗುಣ, ಅದು ಹೇಳದೇ ಕೇಳದೇ ಹೋಗುತ್ತದೆ. ನಿನ್ನೆವರೆಗೆ ಚೆನ್ನಾಗಿ ಓಡಿದ ಗಾಡಿ ಇವತ್ತು ನಿಂತಿರುತ್ತದೆ. ಮುಚ್ಚಳ ತೆಗೆದು ನೋಡಿದರೆ ಬಿರುಕು, ಅಂಚಿನಲ್ಲಿ ನೂಲು ಎದ್ದದ್ದು, ಎಣ್ಣೆ ಜಿಡ್ಡು ಕೆಲವು ಸಲ ಕಾಣುತ್ತದೆ. ಕಾಣದಿದ್ದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಒಳಗಿನ ಹುರಿ ಸೋತದ್ದು ಕಣ್ಣಿಗೆ ಕಾಣೋದಿಲ್ಲ.

ಡೀಸೆಲ್ಲಿನಲ್ಲಿ ಯಾಕೆ ಇಷ್ಟು ಅನಾಹುತ?

ಪೆಟ್ರೋಲಿನಲ್ಲಿ ಕಿಡಿ ಹೊತ್ತಿಸಲು ಪ್ಲಗ್ಗು ಇದೆ. ಡೀಸೆಲ್ಲಿನಲ್ಲಿ ಗಾಳಿಯನ್ನು ಅದುಮಿ ಅದುಮಿ ಅದರ ಬಿಸಿಗೇ ಡೀಸೆಲ್ ಹೊತ್ತಬೇಕು. ಅದಕ್ಕೆ ಗಾಳಿಯನ್ನು ಹದಿನಾರನೇ ಒಂದು, ಹದಿನೆಂಟನೇ ಒಂದು ಪಾಲಿಗೆ ಇಳಿಸುತ್ತಾರೆ. ಹಳೇ ಇಂಜಿನ್ನುಗಳಲ್ಲಿ ಇಪ್ಪತ್ತನೇ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟು ಅದುಮಬೇಕಾದರೆ ಪಿಸ್ಟನ್ ಹೆಡ್ಡಿನ ತನಕ ಏರಬೇಕು. ಮೇಲೆ ಹೋದಾಗ ಪಿಸ್ಟನ್ನಿನ ತಲೆಗೂ ಹೆಡ್ಡಿಗೂ ನಡುವೆ ಉಳಿಯುವುದು ಒಂದು ಮಿಲಿಮೀಟರ್ ಆಸುಪಾಸು. ಆ ಹೊತ್ತಿಗೆ ವಾಲ್ವು ಬಾಗಿಲು ಮುಚ್ಚಿಕೊಂಡು ಮೇಲೆ ಸೇರಿರಬೇಕು. ಬೆಲ್ಟು ತುಂಡಾದ ಕ್ಷಣ ಕ್ಯಾಮು ನಿಂತುಬಿಡುತ್ತದೆ. ಯಾವ ವಾಲ್ವು ತೆರೆದಿತ್ತೋ ಅದು ಹಾಗೇ ಕೆಳಕ್ಕೆ ನೇತಾಡುತ್ತದೆ. ಗಾಡಿಯ ಓಟಕ್ಕೆ ಕ್ರ್ಯಾಂಕು ಮಾತ್ರ ತಿರುಗುತ್ತಲೇ ಇರುತ್ತದೆ, ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ಕೆಲವು ಇಂಜಿನ್ನುಗಳಲ್ಲಿ ರಾಕರ್ ಮುರಿದು ವಾಲ್ವು ಉಳಿಯುವುದುಂಟು. ಕೆಟ್ಟ ಅದೃಷ್ಟವಾದರೆ ವಾಲ್ವಿನ ತಲೆ ಮುರಿದು ಒಳಗೆ ಬಿದ್ದು ಪಿಸ್ಟನ್ನೂ ಒಡೆಯುತ್ತದೆ.

ಅದಕ್ಕೆ ಒಂದು ಎಚ್ಚರಿಕೆ. ಓಡುವ ಡೀಸೆಲ್ ಕಾರು ದಿಢೀರನೆ ನಿಂತು, ಸೆಲ್ಫ್ ಹೊಡೆದಾಗ ಇಂಜಿನ್ ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದ ಹಾಗೆ ಗರಗರ ತಿರುಗಿದರೆ ಮತ್ತೆ ಮತ್ತೆ ಕೀಲಿ ತಿರುಗಿಸಬೇಡಿ. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಉಳಿದ ವಾಲ್ವುಗಳೂ ಆಗಲೇ ಬಗ್ಗೋದು. ನ್ಯೂಟ್ರಲ್ಲಿನಲ್ಲಿಟ್ಟು ಹಗ್ಗ ಕಟ್ಟಿ ಎಳೆಸಿ.

ಚೈನಿನ ಕತೆ

"ನಮ್ಮದು ಚೈನ್ ಇಂಜಿನ್ನು, ಲೈಫ್‌ಟೈಮು, ಮುಟ್ಟೋ ಹಾಗೇ ಇಲ್ಲ" ಅಂತ ಮಾರುವವರು ಹೇಳುತ್ತಾರೆ. ಯಾರ ಲೈಫು ಅಂತ ನಾವು ಕೇಳಬೇಕು. ಕಾರು ಮಾಡಿದವರು ಮೊದಲ ಯಜಮಾನನ ಲೆಕ್ಕ ಇಟ್ಟಿರುತ್ತಾರೆ. ನಾವು ಮೂರನೆಯವರೋ ನಾಲ್ಕನೆಯವರೋ ಆಗಿರುತ್ತೇವೆ.

ಚೈನು ಉಕ್ಕಿನದು, ನಿಜ. ತುಂಡಾಗುವುದು ಅಪರೂಪ, ಅದೂ ನಿಜ. ಬಹಳ ಇಂಜಿನ್ನುಗಳಲ್ಲಿ ಅದಕ್ಕೆ ಬದಲಿಸುವ ಅವಧಿಯೇ ಇಟ್ಟಿಲ್ಲ. ಆದರೆ ಅದೂ ಸವೆಯುತ್ತದೆ. ಸೈಕಲ್ ಚೈನು ನೆನೆಸಿಕೊಳ್ಳಿ. ಚೈನು ಉದ್ದ ಆಯ್ತು ಅಂತೀವಲ್ಲ, ಕಬ್ಬಿಣ ಹಿಗ್ಗಿ ಉದ್ದ ಆಗೋದಲ್ಲ. ಒಂದೊಂದು ಪಿನ್ನೂ ಕೂದಲಷ್ಟು ಸವೆದು, ನೂರಾರು ಪಿನ್ನಿನ ಸವೆತ ಕೂಡಿ ಚೈನು ಉದ್ದ ಆಗುತ್ತದೆ. ಇಂಜಿನ್ನಿನ ಚೈನೂ ಹಾಗೇ. ಉದ್ದವಾದಷ್ಟೂ ಕ್ಯಾಮು ಹಿಂದೆ ಬೀಳುತ್ತದೆ, ಹೊಂದಿಕೆ ತಪ್ಪುತ್ತದೆ, ಸಡಿಲವಾದ ಚೈನು ಹಲ್ಲು ಹಾರುತ್ತದೆ. ಹಾರಿದರೆ ಬೆಲ್ಟು ತುಂಡಾದಷ್ಟೇ ಅನಾಹುತ.

ಚೈನು ಒಂದೇ ಅಲ್ಲ. ಅದನ್ನು ಬಿಗಿ ಹಿಡಿಯಲು ಟೆನ್ಷನರ್ ಇದೆ. ಬಹಳ ಇಂಜಿನ್ನುಗಳಲ್ಲಿ ಅದು ಇಂಜಿನ್ ಆಯಿಲ್ಲಿನ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಚೈನು ಉಜ್ಜಿಕೊಂಡು ಹೋಗಲು ಪ್ಲಾಸ್ಟಿಕ್ಕಿನ ಗೈಡುಗಳಿವೆ. ವರ್ಷಗಟ್ಟಲೆ ಬಿಸಿ ಎಣ್ಣೆಯಲ್ಲಿ ಬೆಂದು ಆ ಪ್ಲಾಸ್ಟಿಕ್ಕು ಗಡುಸಾಗಿ ಒಡೆಯುತ್ತದೆ. ಅಂದರೆ ಉಕ್ಕಿನ ಚೈನಿನ ಆಯುಸ್ಸು ನಿಂತಿರುವುದು ಎಣ್ಣೆಯ ಮೇಲೆ. ಬೆಲ್ಟಿಗೆ ಎಣ್ಣೆ ಶತ್ರು, ಚೈನಿಗೆ ಎಣ್ಣೆಯೇ ಅನ್ನ. ಡೀಸೆಲ್ ಇಂಜಿನ್ನಿನ ಆಯಿಲ್ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಅದು ಉರಿದ ಮಸಿ. ಕಪ್ಪಾದದ್ದೇ ತಪ್ಪಲ್ಲ. ಆದರೆ ಅವಧಿ ಮೀರಿ ಓಡಿಸಿದರೆ ಮಸಿ ಹೆಚ್ಚಾಗಿ ಪಿನ್ನುಗಳ ಸಂದಿಯಲ್ಲಿ ಅರದ ಪುಡಿಯ ಹಾಗೆ ಉಜ್ಜುತ್ತದೆ. ಆಯಿಲ್ ಕಡಿಮೆ ಇದ್ದರೆ, ಕೈಗೆ ಸಿಕ್ಕ ಅಗ್ಗದ ಆಯಿಲ್ ಹಾಕಿದರೆ ಟೆನ್ಷನರ್ ಬಿಗಿ ಹಿಡಿಯೋದಿಲ್ಲ. ನಮ್ಮವರು ಪಂಪ್‌ಸೆಟ್ಟಿಗೆ ತಂದು ಉಳಿದ ಆಯಿಲ್ಲನ್ನೇ ಕಾರಿಗೂ ಸುರಿಯುವುದನ್ನು ನೋಡಿದ್ದೇನೆ. ಕಾರಿನ ಪುಸ್ತಕದಲ್ಲಿ ಯಾವ ದರ್ಜೆಯ ಆಯಿಲ್ ಬರೆದಿದೆಯೋ ಅದನ್ನೇ ಹಾಕಬೇಕು.

2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸಂಗತಿ ಸೇರಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಆಗಾಗ ಸುಟ್ಟು ಸ್ವಚ್ಛ ಮಾಡಲು ಇಂಜಿನ್ ಹೆಚ್ಚಿಗೆ ಡೀಸೆಲ್ ಚಿಮುಕಿಸುತ್ತದೆ. ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಸುಡುವ ಕೆಲಸ ಅರ್ಧಕ್ಕೇ ನಿಂತು ಡೀಸೆಲ್ ಇಳಿದು ಆಯಿಲ್ಲಿಗೆ ಸೇರುತ್ತದೆ, ಆಯಿಲ್ ತೆಳ್ಳಗಾಗುತ್ತದೆ. ಆಯಿಲ್ ಕಡ್ಡಿ ಎಳೆದು ನೋಡಿದಾಗ ಮಟ್ಟ ಕಮ್ಮಿಯಾಗುವ ಬದಲು ಏರಿದ್ದರೆ ಇದೇ ಕಾರಣ ಇರಬಹುದು. ಉಳಿತಾಯ ಆಯ್ತು ಅಂತ ಸಂತೋಷ ಪಡಬೇಡಿ, ಆಯಿಲ್ ಬದಲಿಸಿ.

ಚೈನಿನ ಒಳ್ಳೇ ಗುಣ, ಅದು ಹೋಗುವ ಮುಂಚೆ ಕೂಗಿ ಹೇಳುತ್ತದೆ. ಬೆಳಿಗ್ಗೆ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಮುಂಭಾಗದಲ್ಲಿ ಗಲಗಲ, ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬರುತ್ತದೆ. ಎಣ್ಣೆ ಒತ್ತಡ ಏರಿದ ಮೇಲೆ ನಿಲ್ಲುತ್ತದೆ. ಮೊದಮೊದಲು ಒಂದೆರಡು ಸೆಕೆಂಡು, ಆಮೇಲೆ ಹೆಚ್ಚುತ್ತಾ ಹೋಗುತ್ತದೆ. ಇಂಜಿನ್ ದೀಪವೂ ಹತ್ತಬಹುದು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ 0016 ಅಂತ ಬಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ಹೊಂದುತ್ತಿಲ್ಲ ಅಂತ ಅರ್ಥ. ಸೆನ್ಸರ್ ಕೆಟ್ಟರೂ ಇದೇ ನಂಬರ್ ಬರುವುದುಂಟು, ಎರಡನ್ನೂ ನೋಡಿಸಬೇಕು.

ಆದರೆ ಚೈನು ಬದಲಿಸುವ ದಿನ ಬಂದರೆ ಖರ್ಚು ಬೆಲ್ಟಿನ ಎಷ್ಟೋ ಪಟ್ಟು. ಅದು ಇಂಜಿನ್ನಿನ ಒಳಗೆ, ಎಣ್ಣೆಯ ಕೋಣೆಯಲ್ಲಿದೆ. ಮುಂಭಾಗ ಪೂರಾ ಬಿಚ್ಚಬೇಕು, ಕೆಲವಕ್ಕೆ ಇಂಜಿನ್ನೇ ಇಳಿಸಬೇಕು. ಬಿಎಂಡಬ್ಲ್ಯೂದವರು 2007ರಲ್ಲಿ ತಂದ ಎನ್ 47 ಅನ್ನುವ ಡೀಸೆಲ್ ಇಂಜಿನ್ನಿನಲ್ಲಿ ಚೈನನ್ನು ಹಿಂದೆ, ಗೇರ್ ಬಾಕ್ಸಿನ ಕಡೆಗೆ ಇಟ್ಟರು. ಲೈಫ್‌ಟೈಮ್ ಅಂದುಕೊಂಡಿದ್ದ ಆ ಚೈನು ಹಲವು ಕಾರುಗಳಲ್ಲಿ ಬೇಗ ಸವೆದು ತುಂಡಾಗಿ ಯುರೋಪಿನಲ್ಲಿ ದೊಡ್ಡ ಗಲಾಟೆಯಾಯಿತು. ಮೊದಲು ಬೆಲ್ಟು ಹಾಕಿದ ಆ ಗ್ಲಾಸ್ ಕಂಪನಿಯನ್ನು 1966ರಲ್ಲಿ ಕೊಂಡವರೂ ಇದೇ ಬಿಎಂಡಬ್ಲ್ಯೂದವರು, ವಿಚಿತ್ರ ನೋಡಿ. ಇನ್ನು ಫೋರ್ಡಿನವರು 2016ರಲ್ಲಿ ಯುರೋಪಿನ ವ್ಯಾನುಗಳಿಗೆ ಇಕೋಬ್ಲೂ ಅನ್ನುವ 2 ಲೀಟರ್ ಡೀಸೆಲ್ ತಂದರು. ಅದರಲ್ಲಿ ಬೆಲ್ಟನ್ನೇ ಎಣ್ಣೆಯಲ್ಲಿ ಓಡಿಸಿದರು. ಎಣ್ಣೆ ತಡೆಯುವ ಬೇರೆ ರಬ್ಬರು. ಅದರಲ್ಲೂ ಬೆಲ್ಟಿನ ಚೂರು ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಂಡ ದೂರುಗಳು ಬಂದವು. ಅಂದರೆ ಇದೇ ಸರಿ ಅನ್ನುವ ತೀರ್ಮಾನಕ್ಕೆ ದೊಡ್ಡ ಕಂಪನಿಗಳೂ ಬಂದಿಲ್ಲ.

ಯಾವ ಗಾಡಿಯಲ್ಲಿ ಯಾವುದು?

ಕಾರಿನ ಹೆಸರು ನೋಡಿ ಹೇಳಲು ಬರೋದಿಲ್ಲ, ಇಂಜಿನ್ ನೋಡಬೇಕು. 1998ರ ಕೊನೆಗೆ ಬಂದ ಟಾಟಾ ಇಂಡಿಕಾದ ಹಳೇ 1.4 ಡೀಸೆಲ್ಲಿಗೆ ಬೆಲ್ಟು. 2008ರಲ್ಲಿ ಬಂದ ಇಂಡಿಕಾ ವಿಸ್ಟಾದಲ್ಲಿ 1.3 ಕ್ವಾಡ್ರಾಜೆಟ್ ಅಂತ ಬರೆದಿದ್ದರೆ ಚೈನು. ಅದು ಫಿಯೆಟ್ಟಿನವರ 1.3 ಮಲ್ಟಿಜೆಟ್ ಇಂಜಿನ್. ಅದೇ ಇಂಜಿನ್ನೇ ಮಾರುತಿ ಸ್ವಿಫ್ಟ್, ಡಿಜೈರ್, ಎರ್ಟಿಗಾಗಳಲ್ಲಿ ಡಿಡಿಐಎಸ್ ಅನ್ನುವ ಹೆಸರಿನಲ್ಲಿ 2020ರ ತನಕ ಬಂತು. ನಮ್ಮ ಹಳ್ಳಿಗಳ ಹಳೇ ಡೀಸೆಲ್ ಕಾರುಗಳಲ್ಲಿ ಇದೇ ಹೆಚ್ಚು. ನಮ್ಮದೇ ಬಿಡದಿಯಲ್ಲಿ ತಯಾರಾದ ಟೊಯೋಟಾ ಕ್ವಾಲಿಸ್ ಮತ್ತು 2005ರಿಂದ 2016ರವರೆಗಿನ ಹಳೇ ಇನ್ನೋವಾ ಡೀಸೆಲ್ಲಿಗೆ ಬೆಲ್ಟು, 2016ರಲ್ಲಿ ಬಂದ ಇನ್ನೋವಾ ಕ್ರಿಸ್ಟಾ ಡೀಸೆಲ್ಲಿಗೆ ಚೈನು. ರೆನೋ ಡಸ್ಟರ್, ನಿಸಾನ್ ಸನ್ನಿ, ಮಹೀಂದ್ರ ವೆರಿಟೋ ಇವುಗಳ 1.5 ಡೀಸೆಲ್ ಒಂದೇ ಮನೆಯದು, ಬೆಲ್ಟು. ಫೋರ್ಡ್ ಇಕೋಸ್ಪೋರ್ಟ್ ಡೀಸೆಲ್ಲಿಗೂ ಬೆಲ್ಟು. ಹ್ಯುಂಡೈನ 1.4, 1.6 ಡೀಸೆಲ್, ಮಹೀಂದ್ರದ ಎಂಹಾಕ್ 2.2 ಇವು ಚೈನು.

ಹೆಸರು ಗೊತ್ತಾಗದಿದ್ದರೆ ಬಾನೆಟ್ ಎತ್ತಿ ಇಂಜಿನ್ನಿನ ಒಂದು ತುದಿ ನೋಡಿ. ಮೇಲೆ ತೆಳು ಪ್ಲಾಸ್ಟಿಕ್ ಮುಚ್ಚಳ, ಕ್ಲಿಪ್ಪು ಅಥವಾ ಸಣ್ಣ ಬೋಲ್ಟಿನಲ್ಲಿ ಬಿಚ್ಚುವಂತಿದ್ದರೆ ಸಾಮಾನ್ಯವಾಗಿ ಬೆಲ್ಟು. ಎರಕದ ಲೋಹದ ಮುಚ್ಚಳ, ಸುತ್ತ ಸಾಲಾಗಿ ಬೋಲ್ಟು, ಎಣ್ಣೆ ಸೋರದಂತೆ ಗಮ್ಮು ಹಾಕಿ ಮುಚ್ಚಿದ್ದರೆ ಚೈನು. ಹೊರಗಡೆ ಬರಿಗಣ್ಣಿಗೆ ಕಾಣುವ, ಉದ್ದ ಗೆರೆಗಳಿರುವ ಬೆಲ್ಟು ಬೇರೆ. ಅದು ಡೈನಮೋ, ಎಸಿ ತಿರುಗಿಸುವ ಬೆಲ್ಟು. ಮಾರುವವನು "ಬೆಲ್ಟ್ ಹೊಸಾದು ಸಾರ್" ಅಂತ ತೋರಿಸುವುದು ಬಹಳ ಸಲ ಇದನ್ನೇ!

ಕೊಳ್ಳುವಾಗ

ನನ್ನ ಅಭಿಪ್ರಾಯ ಕೇಳಿದರೆ, ಬೆಲ್ಟು ಬದಲಿಸಿದ ಬಿಲ್ಲು ಇರುವ ಗಾಡಿಯನ್ನು, ಆಯಿಲ್ ಬದಲಿಸಿದ ದಾಖಲೆ ಇಲ್ಲದ ಚೈನಿನ ಗಾಡಿಗಿಂತ ನಾನು ಮುಂದಿಡುತ್ತೇನೆ. ಬೆಲ್ಟಿನ ಗಾಡಿಗೆ ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ, ಕೊಂಡ ವಾರವೇ ಬದಲಿಸಿ. ಟೊಯೋಟಾ ಡೀಸೆಲ್ಲುಗಳಲ್ಲಿ ಅವಧಿ ಬಂದಾಗ ಟಿ-ಬೆಲ್ಟ್ ಅನ್ನುವ ದೀಪ ಹತ್ತುತ್ತದೆ. ಅದು ಕಿಲೋಮೀಟರ್ ಎಣಿಸಿ ಹತ್ತುವ ದೀಪ, ಬೆಲ್ಟಿನ ಮುಖ ನೋಡಿ ಹತ್ತುವುದಲ್ಲ. ಬೆಲ್ಟು ಬದಲಿಸದೆ ದೀಪ ಮಾತ್ರ ಆರಿಸಲು ಬರುತ್ತದೆ, ನೆನಪಿರಲಿ. ಚೈನಿನ ಗಾಡಿಯಾದರೆ ಬೆಳಿಗ್ಗೆ ಹೊತ್ತು ಹೋಗಿ, ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿಡಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮಾರನೇ ದಿನ ಬರ್ತೀನಿ ಅಂತ ಎದ್ದು ಬನ್ನಿ.

ಬೆಲ್ಟು ಬದಲಿಸುವಾಗ ಬೆಲ್ಟೊಂದನ್ನೇ ಹಾಕಿಸಿ ಸಾವಿರ ರೂಪಾಯಿ ಉಳಿಸಲು ಹೋಗಬೇಡಿ. ಟೆನ್ಷನರ್ ಮತ್ತು ಐಡ್ಲರ್ ಬೇರಿಂಗುಗಳೂ ಅಷ್ಟೇ ಸುತ್ತು ದುಡಿದಿವೆ. ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟೂ ಸುಟ್ಟು ತುಂಡಾಗುತ್ತದೆ. ವಾಟರ್ ಪಂಪನ್ನು ಅದೇ ಬೆಲ್ಟು ತಿರುಗಿಸುವ ಇಂಜಿನ್ ಆದರೆ ಪಂಪನ್ನೂ ಆಗಲೇ ಬದಲಿಸಿ, ಬಿಚ್ಚುವ ಕೂಲಿ ಒಂದೇ. ಸೀಲು ಜಿನುಗುತ್ತಿದ್ದರೆ ಅದೂ. ಎಲ್ಲ ಸೇರಿದ ಕಿಟ್ಟು ಡಬ್ಬಿಯಲ್ಲಿ ಬರುತ್ತದೆ. ನಕಲಿ ಮಾಲು ಬಹಳ, ಡಬ್ಬಿ ನಿಮ್ಮೆದುರೇ ಒಡೆಸಿ. ಬದಲಿಸಿದ ತಾರೀಖು, ಕಿಲೋಮೀಟರ್ ಬರೆದ ಚೀಟಿಯನ್ನು ಬಾನೆಟ್ಟಿನ ಒಳಮೈಗೆ ಅಂಟಿಸಿ.

ಬೆಲ್ಟಿರಲಿ ಚೈನಿರಲಿ, ಬ್ಯಾಟರಿ ಸೋತಾಗ ರಿವರ್ಸ್ ಗೇರಿನಲ್ಲಿ ತಳ್ಳಿ ಅಥವಾ ಗೇರಿನಲ್ಲಿ ಗಾಡಿ ಹಿಂದಕ್ಕೆ ಉರುಳಿಸಿ ಸ್ಟಾರ್ಟ್ ಮಾಡುವ ಸಾಹಸ ಬೇಡ. ಮುಂದಕ್ಕೆ ಹೋಗಬೇಕಾದ ಗೇರಿನಲ್ಲಿದ್ದು ಗಾಡಿ ಹಿಂದಕ್ಕೆ ಉರುಳಿದರೆ ಇಂಜಿನ್ ಉಲ್ಟಾ ತಿರುಗುತ್ತದೆ, ಸಡಿಲ ಇರುವ ಕಡೆ ಎಳೆತ ಬಿದ್ದು ಹಲ್ಲು ಹಾರಲು ಅದೊಂದೇ ಸಾಕು. ಪಕ್ಕದ ಟ್ರ್ಯಾಕ್ಟರಿನ ಬ್ಯಾಟರಿಗೆ ವೈರು ಕೊಟ್ಟು ಸ್ಟಾರ್ಟ್ ಮಾಡಿಕೊಳ್ಳಿ. ಅದೂ 12 ವೋಲ್ಟೇ.

ಕೊನೆಗೆ, ಹೊಸ ಬೆಲ್ಟೋ ಚೈನೋ ಹಾಕಿಸಿದಾಗ ನೀವು ಪಕ್ಕದಲ್ಲಿ ನಿಂತು ಒಂದು ಕೆಲಸ ಮಾಡಿಸಿ. ಚಕ್ರಗಳ ಮೇಲಿನ ಗುರುತು ಕೂಡಿಸಿ ಜೋಡಿಸಿದ ಮೇಲೆ ಮೇಸ್ತ್ರಿ ನೇರ ಕೀಲಿ ಕೊಡಬಾರದು. ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಇಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನಕ್ಕೆ ಎರಡು ಸುತ್ತು ಪೂರಾ ತಿರುಗಿಸಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ ಮತ್ತೆ ಬಿಚ್ಚಬೇಕು. ತಡೆಯಿಲ್ಲದೆ ಎರಡು ಸುತ್ತು ಮುಗಿದು, ಗುರುತುಗಳು ಮತ್ತೆ ಮೊದಲಿನ ಜಾಗಕ್ಕೇ ಬಂದರೆ ಮಾತ್ರ ಕೀಲಿ. ಕೆಲವು ಇಂಜಿನ್ನುಗಳಲ್ಲಿ ಗುರುತಿನ ಬದಲು ಪಿನ್ನು ಚುಚ್ಚಿ ನಿಲ್ಲಿಸುವ ಸಾಧನ ಬೇಕು. ಆ ಪಿನ್ನು ಇಲ್ಲದೆ ಕಣ್ಣಂದಾಜಿನಲ್ಲಿ ಮಾಡ್ತೀನಿ ಅನ್ನುವವರ ಹತ್ತಿರ ಗಾಡಿ ಬಿಡಬೇಡಿ.